ಬೆಂಚಿನ ಸರದಿ

ಅಧ್ಯಕ್ಷರ ಗಡ್ಡ ಬಲು ಒರಟು. ನೊರೆ ಹಚ್ಚಿ, ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ, ಸ್ವಲ್ಪ ನೆನೆಯಲು ಬಿಡದೆ ಕತ್ತಿ ಹಾಕಿದರೆ ಕೂದಲು ಬಗ್ಗುವುದಿಲ್ಲ, ಚರ್ಮ ಕಿತ್ತು ಬರುತ್ತದೆ. ಅದಕ್ಕೇ ಸ್ತೋತ್ರಣ್ಣ ಅವರಿಗೆ ಮಾತ್ರ ಎರಡು ಸಲ ನೊರೆ ಹಚ್ಚುತ್ತಿದ್ದ. ಅಷ್ಟು ಬಿಟ್ಟರೆ ಆ ಅಂಗಡಿಯಲ್ಲಿ ಅಧ್ಯಕ್ಷರಿಗೆ ಇನ್ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ.

ಸ್ತೋತ್ರಣ್ಣ ಅನ್ನುವುದು ಅವನಿಗೆ ಬೀದಿಯವರು ಇಟ್ಟ ಹೆಸರು. ಅಂಗಡಿಗೆ ಯಾರೇ ಬರಲಿ, "ಬನ್ನಿ" ಅನ್ನುವ ಮೊದಲು ಅವನ ಬಾಯಲ್ಲಿ "ಸ್ತೋತ್ರ" ಅಂತ ಬರುತ್ತಿತ್ತು. ಅವನು ಹೋಗುವ ಕ್ರೈಸ್ತ ಸಭೆಯವರು ಒಬ್ಬರಿಗೊಬ್ಬರು ಹಾಗೆ ಹೇಳಿಕೊಳ್ಳುತ್ತಾರೆ. ಮೊದಮೊದಲು ಗೇಲಿಗೆ ಕರೆದರು, ಆಮೇಲೆ ಗೇಲಿ ಸವೆದುಹೋಗಿ ಹೆಸರು ಉಳಿಯಿತು.

ಅಂಗಡಿಯಲ್ಲಿ ಒಂದೇ ಕುರ್ಚಿ. ಎದುರಿಗೆ ಗೋಡೆಯಗಲದ ಕನ್ನಡಿ, ಹಿಂದೆ ಉದ್ದನೆಯ ಬೆಂಚು. ಬಂದವರು ಬಾಗಿಲ ಕಡೆಯ ತುದಿಯಲ್ಲಿ ಕೂರಬೇಕು. ಕುರ್ಚಿಯಿಂದ ಒಬ್ಬ ಎದ್ದರೆ ಬೆಂಚಿನ ಈಚೆ ತುದಿಯವನು ಏರಬೇಕು, ಉಳಿದವರು ಕೂತಲ್ಲೇ ಜಾರಿಕೊಂಡು ಮುಂದೆ ಸರಿಯಬೇಕು. ದೊಡ್ಡ ಮನುಷ್ಯ, ಚಿಕ್ಕ ಮನುಷ್ಯ ಅಂತಿಲ್ಲ. ದೀಕ್ಷಾಸ್ನಾನ ಮಾಡಿಸಿಕೊಂಡ ವರ್ಷ ಸ್ತೋತ್ರಣ್ಣ ಮಾಡಿದ ಕಟ್ಟಳೆ ಇದು. ದೇವರ ಮಾತು ಹೇಳುವುದಕ್ಕೆ ತನಗೆ ಬಾಯಿ ಸಾಲದು, ಬೆಂಚಾದರೂ ಹೇಳಲಿ ಅಂದುಕೊಂಡಿದ್ದ. ಬೀದಿಯ ವ್ಯಾಪಾರಿ ಸಂಘದ ಅಧ್ಯಕ್ಷರೂ ಮೊದಲು ಗುರುಗುಟ್ಟಿ, ಆಮೇಲೆ ಒಗ್ಗಿಕೊಂಡು, ಎಲ್ಲರ ಹಾಗೆ ಜಾರಿಕೊಂಡೇ ಕುರ್ಚಿಗೆ ಬರುತ್ತಿದ್ದರು. "ಇವನ ಅಂಗಡೀಲಿ ನಾನೂ ಒಂದು ಗಡ್ಡ ಅಷ್ಟೆ" ಅಂತ ನಗುತ್ತಿದ್ದರು.

ಆವತ್ತು ನಗಲಿಲ್ಲ.

"ನಲ್ಲಿಯವನ ವಿಷಯ ಕೇಳಿದ್ಯಾ?" ನೊರೆಯೊಳಗಿಂದ ಕೇಳಿದರು.

"ಅಲ್ಪಸ್ವಲ್ಪ."

"ಪೂರ್ತಿ ಕೇಳ್ಕೋ. ಇವತ್ತಿಂದ ಅವನ ಮನೆಗೆ ಈ ಬೀದೀಲಿ ಹಾಲಿಲ್ಲ, ಅಕ್ಕಿಯಿಲ್ಲ, ಮಾತಿಲ್ಲ. ನಿನ್ನ ಕತ್ತರಿಯೂ ಇಲ್ಲ. ಮೀಟಿಂಗಲ್ಲಿ ಎಲ್ಲರೂ ಕೈ ಎತ್ತಿದಾರೆ."

"ನಾನು ಮೀಟಿಂಗಿಗೆ ಬಂದಿರಲಿಲ್ವಲ್ಲ ಅಧ್ಯಕ್ಷರೇ."

"ನಿನ್ನ ಕೈ ನಾನೇ ಎತ್ತಿದೆ."

ಬೆಂಚಿನ ಮೇಲಿದ್ದವರು ನಕ್ಕರು. ಸ್ತೋತ್ರಣ್ಣನೂ ನಕ್ಕ. ನಗದೆ ಇರುವುದಕ್ಕೆ ಧೈರ್ಯ ಬೇಕಿತ್ತು.

ವಿಷಯ ಬೀದಿಗೆಲ್ಲ ಗೊತ್ತಿದ್ದದ್ದೇ. ನಲ್ಲಿಯವನು ಅಂದರೆ ಮನೆಮನೆಯ ಪೈಪು ರಿಪೇರಿ ಮಾಡುವವನು. ಬೀದಿಯ ಕುಡಿಯುವ ನೀರಿನ ಪೈಪು ಸರಿಮಾಡಲು ನೆಲ ಅಗೆದಾಗ, ಬಟ್ಟೆಗೆ ಬಣ್ಣ ಹಾಕುವ ಅಧ್ಯಕ್ಷರ ಶೆಡ್ಡಿನ ಕೊಳಕು ನೀರು ಸೋರಿ ಆ ಪೈಪಿನೊಳಗೆ ಸೇರುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಬೀದಿಯ ಮಕ್ಕಳಿಗೆ ವಾಂತಿ ಭೇದಿ ಹತ್ತಿಕೊಂಡು ಕೆಲವರು ಆಸ್ಪತ್ರೆ ಸೇರಿದ್ದರು. ಅವನು ಮೇಲಿನ ಅಧಿಕಾರಿಗಳಿಗೆ ದೂರು ಕೊಟ್ಟ. ಅವರು ಬಂದು ಶೆಡ್ಡಿಗೆ ಬೀಗ ಹಾಕಿ, ವಿಚಾರಣೆಯ ದಿನ ಗೊತ್ತುಮಾಡಿ ಹೋದರು.

"ನನ್ನ ರಾಕ್ಷಸ ಅಂದ್ಕೋಬೇಡ," ಅಂದರು ಅಧ್ಯಕ್ಷರು. ದನಿಯಲ್ಲಿ ನಿಜವಾದ ನೋವೇ ಇತ್ತು. "ಶೆಡ್ಡಲ್ಲಿ ದುಡಿಯೋರು ದಿನಾ ನಮ್ಮನೆ ಬಾಗಿಲಿಗೆ ಬಂದು ನಿಲ್ತಾರೆ. ಅವರ ಒಲೆಗೆ ನೀರು ಹೊಯ್ದೋನು ಅವನು. ಪೈಪು ಸೋರಿದ್ರೆ ನನ್ನ ಹತ್ರ ಬಂದು ಹೇಳ್ಬೇಕಿತ್ತು."

"ಮೊದಲು ನಿಮಗೇ ಬಂದು ಹೇಳಿದ್ನಂತಲ್ಲ," ಅಂದಿತು ಬೆಂಚಿನ ಕಡೆಯಿಂದ ಒಂದು ದನಿ.

ಅಧ್ಯಕ್ಷರು ತಲೆ ತಿರುಗಿಸದೆ ಕನ್ನಡಿಯಲ್ಲೇ ಹುಡುಕಿದರು. "ಯಾರದು?"

ನಿವೃತ್ತಿಯಾದ ಮೇಷ್ಟ್ರು ಕರವಸ್ತ್ರ ಬಾಯಿಗೊತ್ತಿಕೊಂಡು, "ಕೆಮ್ಮು ಬಂತು," ಅಂದರು.

ಮಾರನೆಯ ದಿನ ಹಾಲಿನಂಗಡಿಯ ಅಜ್ಜಿ ಹಳೇ ಗಿರಾಕಿ ಅಂತ ನಲ್ಲಿಯವನ ಹೆಂಡತಿಗೆ ಒಂದು ಪೊಟ್ಟಣ ಹಾಲು ಕೊಟ್ಟಳು. ಬೆಳಗಾಗುವುದರೊಳಗೆ ಅಂಗಡಿಯ ಬಾಗಿಲು ಮುರಿದು, ಫ್ರಿಜ್ಜು ಮಗುಚಿ ಬಿದ್ದಿತ್ತು. ಅಜ್ಜಿ ಮೆಟ್ಟಿಲ ಮೇಲೆ ಕೂತು ಚರಂಡಿಯಲ್ಲಿ ಹರಿಯುವ ಹಾಲನ್ನು ನೋಡುತ್ತಿದ್ದಳು. ಯಾರು ಮಾಡಿದರು ಅಂತ ಯಾರೂ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ. ಅದೇ ವಾರ ಕೆಲಸ ಮುಗಿಸಿ ಬರುತ್ತಿದ್ದ ನಲ್ಲಿಯವನನ್ನು ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಅಡ್ಡ ಹಾಕಿ ಬಲಗೈ ಮುರಿದರು.

ಅಂಥ ಹೊತ್ತಿನಲ್ಲಿ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಅವನು ಸ್ತೋತ್ರಣ್ಣನ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಗಡ್ಡ ಮುಖವನ್ನೆಲ್ಲ ಮುಚ್ಚಿತ್ತು, ತಲೆ ಹಕ್ಕಿಗೂಡು. ಬಲಗೈ ಪಟ್ಟಿ ಸುತ್ತಿಕೊಂಡು ಕುತ್ತಿಗೆಯಿಂದ ನೇತಾಡುತ್ತಿತ್ತು.

ಸ್ತೋತ್ರಣ್ಣನ ಬಾಯಿಗೆ ಸ್ತೋತ್ರ ಬರಲಿಲ್ಲ. ಮೊದಲು ಬೀದಿಯ ಆ ತುದಿ ನೋಡಿದ, ಆಮೇಲೆ ಈ ತುದಿ.

"ವಿಚಾರಣೆ ಹತ್ರ ಬಂತಣ್ಣ," ಅಂದ ನಲ್ಲಿಯವನು. "ನನಗೆ ತಲೆ ಕೆಟ್ಟಿದೆ ಅಂತ ಅವರು ಆಗಲೇ ಹೇಳಿಟ್ಟಿದಾರೆ. ಈ ವೇಷದಲ್ಲಿ ಹೋಗಿ ನಿಂತ್ರೆ ಅಧಿಕಾರಿಗಳೂ ಹೌದು ಅಂತಾರೆ. ಎಡಗೈಲಿ ಹೆರ್ಕೊಳ್ಳೋಕೆ ಹೋಗಿ ಕೆನ್ನೆ ಕುಯ್ಕೊಂಡೆ."

"ಬ್ಲೇಡು ಮುಗಿದಿದೆ," ಅಂದ ಸ್ತೋತ್ರಣ್ಣ.

ಬ್ಲೇಡಿನ ಡಬ್ಬಿ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಾಯ್ತೆರೆದುಕೊಂಡೇ ಇತ್ತು. ನಲ್ಲಿಯವನು ಅದನ್ನು ನೋಡಿದನೋ ಇಲ್ಲವೋ, ದೇವರಿಗೇ ಗೊತ್ತು. "ಸರಿ, ಇನ್ನೊಂದು ದಿನ ಬರ್ತೀನಿ," ಅಂತ ಹೇಳಿ ಹೊರಟುಹೋದ.

ಸಂಜೆ ಊಟಕ್ಕೆ ಮೊದಲು ಮನೆಯಲ್ಲಿ ಪ್ರಾರ್ಥನೆ. ಹೆಂಡತಿ, ಮಗಳು, ಅವನು. ದಿನಾ ಗಟ್ಟಿಯಾಗಿ ಪ್ರಾರ್ಥನೆ ಮಾಡುವವನು ಅವನೇ. ಆವತ್ತು "ಕರ್ತನೇ" ಅಂದವನು ಅಲ್ಲೇ ನಿಂತ. ಮಗಳು ಒಂದು ಕಣ್ಣು ತೆರೆದು ನೋಡಿದಳು. ಹೆಂಡತಿ ಪ್ರಾರ್ಥನೆ ಮುಗಿಸಿದಳು.

ಮಗಳು ಪಾಠ ಓದಲು ಎದ್ದು ಹೋದ ಮೇಲೆ ಅವನು ನಡೆದದ್ದನ್ನು ಹೇಳಿದ.

"ಒಳ್ಳೇದೇ ಮಾಡಿದ್ರಿ," ಅಂದಳು ಹೆಂಡತಿ.

"ಸುಳ್ಳು ಹೇಳಿದೆ ಕಣೇ."

"ಹೇಳಿ. ಇನ್ನೂ ಹತ್ತು ಹೇಳಿ. ನಿಮ್ಮ ಮಗಳು ದಿನಾ ಅಧ್ಯಕ್ಷರ ಮನೆ ಮುಂದೇನೆ ಶಾಲೆಗೆ ಹೋಗ್ಬೇಕು. ಅಜ್ಜಿ ಅಂಗಡಿ ನೋಡಿದ್ರಲ್ಲ? ಆ ಮುದುಕಿಗೇ ಕನಿಕರ ತೋರದೋರು ನಿಮಗೆ ತೋರ್ತಾರಾ?"

"ಬೆಂಚಿನಲ್ಲಿ ಎಲ್ಲರಿಗೂ ಸರದಿ ಉಂಟು ಅಂತ ಇಷ್ಟು ವರ್ಷ ಜಂಬ ಕೊಚ್ಕೊಂಡೆ."

"ಕೊಚ್ಕೊಂಡಿದ್ದು ಸಾಕು. ಈ ವಿಚಾರಣೆ ಮುಗಿಯೋತನಕ ಬಾಯಿ ಮುಚ್ಕೊಂಡಿರಿ. ದೇವರಿಗೆ ನಮ್ಮ ಕಷ್ಟ ಗೊತ್ತಾಗುತ್ತೆ."

"ಅವನ ಕಷ್ಟ?"

ಅವಳು ತಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಹೆದರಿಕೆ ಆ ಮನೆಗೆ ಬಂದು ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡಿತ್ತು. ಹೊರಗೆ ಯಾರ ಚಪ್ಪಲಿಯ ಸದ್ದು ಕೇಳಿದರೂ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಭಾನುವಾರ ಸಭೆಯಲ್ಲಿ ಪಾದ್ರಿಯವರು ನೆರೆಯವನನ್ನು ಪ್ರೀತಿಸುವ ಬಗ್ಗೆಯೇ ಮಾತಾಡಿದರು. ಎಲ್ಲರೂ ಆಮೆನ್ ಅಂದರು. ಪ್ರತಿ ವಾರ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುವವನು ಆ ವಾರ ನೆಲ ನೋಡುತ್ತಾ ಕೂತಿದ್ದ. ಜನ ಕರಗಿದ ಮೇಲೆ ಪಾದ್ರಿಯವರ ಹತ್ತಿರ ಹೋಗಿ ಕೇಳಿದ.

"ಅಯ್ಯನವರೇ, ದೊಡ್ಡವರು ಹೇಳಿದಂತೆ ಕೇಳ್ಬೇಕು ಅಂತಾನೂ ಕಲಿಸಿದೀರಿ, ನೆರೆಯವನನ್ನ ಬಿಡಬಾರದು ಅಂತಾನೂ ಕಲಿಸಿದೀರಿ. ಎರಡೂ ಒಟ್ಟಿಗೆ ಬಂದು ಎದುರಿಗೆ ನಿಂತ್ರೆ ಏನು ಮಾಡೋದು?"

ಪಾದ್ರಿಯವರು ವಯಸ್ಸಾದವರು, ಒಳ್ಳೆಯವರು. ಒಂದೊಂದೇ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದವರು ನಿಂತರು.

"ಸ್ವಲ್ಪ ದಿನ ತಾಳ್ಮೆಯಿಂದಿರು ಅಂತ ಹೇಳಬಹುದು," ಅಂದರು. ಆಮೇಲೆ ತಲೆಯಾಡಿಸಿದರು. "ಆದ್ರೆ ಅದು ನನ್ನ ಹೆದರಿಕೆ ಆಡೋ ಮಾತು ಕಣಪ್ಪ. ಸಭೆ ಸೇರೋಕೆ ಈ ಜಾಗ ನಮಗೆ ಸಿಕ್ಕಿರೋದು ಅಧ್ಯಕ್ಷರು ಮನಸ್ಸು ಮಾಡಿದ್ದಕ್ಕೆ. ಅವರು ಬೇಡ ಅಂದ್ರೆ ಮುಂದಿನ ವಾರ ನಾವು ಬೀದೀಲಿ. ಅದಕ್ಕೇ ನನ್ನ ಕೇಳ್ಬೇಡ. ಯಾರನ್ನ ಕೇಳ್ಬೇಕು ಅಂತ ನಿನಗೇ ಗೊತ್ತಿದೆ."

ಸ್ತೋತ್ರಣ್ಣನಿಗೆ ಸಿಟ್ಟು ಬಂತು. ಸ್ಪಷ್ಟವಾಗಿ ಮಾಡು ಅಂದಿದ್ದರೆ ಮಾಡುತ್ತಿದ್ದ, ಬೇಡ ಅಂದಿದ್ದರೆ ಹಾಯಾಗಿ ನಿದ್ದೆ ಮಾಡುತ್ತಿದ್ದ. ಈ ಮುದುಕರು ಹೊರೆಯನ್ನು ಮತ್ತೆ ಅವನ ಹೆಗಲ ಮೇಲೇ ಇಟ್ಟು ಕುರ್ಚಿ ಮಡಚಲು ಹೋದರು.

ವಿಚಾರಣೆಯ ಹಿಂದಿನ ದಿನ ಬೆಳಗ್ಗೆ ಅಂಗಡಿ ತುಂಬಿತ್ತು. ಅಧ್ಯಕ್ಷರೂ ಮರುದಿನಕ್ಕೆ ಮುಖ ಸರಿಮಾಡಿಕೊಳ್ಳಲು ಬಂದಿದ್ದರು. ಅವರ ಸರದಿ ಬಂದು ಕುರ್ಚಿಯಲ್ಲಿ ಒರಗಿದ್ದರು. ಮೊದಲ ನೊರೆ ಒರೆಸಿ ಎರಡನೆಯದು ಹಚ್ಚುತ್ತಿರುವಾಗ ಬಾಗಿಲಲ್ಲಿ ನೆರಳಾಯಿತು.

ನಲ್ಲಿಯವನು ಒಳಗೆ ಬಂದ. ಎಡಗೈಯಿಂದ ಜೇಬಿನೊಳಗಿನ ಒಂದು ಹೊಸ ಬ್ಲೇಡಿನ ಪೊಟ್ಟಣ ತೆಗೆದು ಹಲಗೆಯ ಮೇಲಿಟ್ಟ. "ಮುಗಿದಿದೆ ಅಂದಿದ್ಯಲ್ಲಣ್ಣ. ಪೇಟೆಯಾಚೆ ಸಿಕ್ತು," ಅಂದ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಸ್ತೋತ್ರಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಆ ಸುಳ್ಳನ್ನು ನಂಬಿ, ಊರೆಲ್ಲ ನಡೆದು, ತಂದಿದ್ದ.

ಆಮೇಲೆ ಬೆಂಚಿನ ಬಾಗಿಲ ಕಡೆಯ ತುದಿಯಲ್ಲಿ ಕೂತ.

ಪಕ್ಕದಲ್ಲಿದ್ದವನು ಬೆಂಕಿ ತಗುಲಿದ ಹಾಗೆ ಎದ್ದ. "ಏನೋ ಮರೆತು ಬಂದೆ," ಅಂತ ಗೊಣಗಿ ಹೊರಗೆ ಹೋದ. ಅವನ ಹಿಂದೆ ಇನ್ನೊಬ್ಬ. ಮೇಷ್ಟ್ರು ಎದ್ದು, ಕೂತು, ಮತ್ತೆ ಎದ್ದು, ಯಾರ ಮುಖವನ್ನೂ ನೋಡದೆ ಹೋದರು. ಬೆಂಚು ಬರಿದಾಯಿತು. ನಲ್ಲಿಯವನು ಅಂಗಡಿಯ ಕಟ್ಟಳೆಯಂತೆ ಜಾರಿಕೊಂಡು ಜಾರಿಕೊಂಡು ಈಚೆ ತುದಿಗೆ ಬಂದ. ಈಗ ಅವನೇ ಮುಂದಿನವನು.

ಅಧ್ಯಕ್ಷರು ಎಲ್ಲವನ್ನೂ ಕನ್ನಡಿಯಲ್ಲಿ ನೋಡುತ್ತಿದ್ದರು. "ಅವನನ್ನ ಎಬ್ಬಿಸು," ಅಂದರು ಮೆಲ್ಲಗೆ.

ಸ್ತೋತ್ರಣ್ಣ ಕತ್ತಿ ತೆರೆದ. ಕತ್ತಿ ಅಲ್ಲಾಡುತ್ತಿತ್ತು.

"ನೋಡಿದ್ಯಾ?" ಅಧ್ಯಕ್ಷರು ಕತ್ತು ಹಿಂದಕ್ಕೆ ಹಾಕಿದರು. "ಕತ್ತಿ ನಿನ್ನ ಕೈಲಿ, ಕತ್ತು ನಂದು. ಆದ್ರೂ ನಡುಗ್ತಿರೋನು ನೀನು. ಯಾಕೆ ಹೇಳು? ನಿನಗೆ ಹೆಂಡತಿ ಮಗಳು ಇದಾರೆ ಅಂತ ನಿನಗೆ ಗೊತ್ತು. ನನಗೂ ಗೊತ್ತು."

ಒಂದು ಕ್ಷಣ, ಒಂದೇ ಒಂದು ಕ್ಷಣ, ಸ್ತೋತ್ರಣ್ಣನ ಕಣ್ಣು ಆ ಕತ್ತಿನ ನರದ ಮೇಲೆ ನಿಂತಿತು. ಅದು ನೊರೆಯ ಕೆಳಗೆ ಮಿಡಿಯುತ್ತಿತ್ತು. ತನ್ನೊಳಗೆ ಎದ್ದದ್ದೇನು ಅಂತ ತಿಳಿದಾಗ ಅವನಿಗೆ ಅಧ್ಯಕ್ಷರ ಬಗೆಗಿನ ಹೆದರಿಕೆಗಿಂತ ತನ್ನ ಬಗೆಗಿನ ಹೆದರಿಕೆಯೇ ದೊಡ್ಡದಾಯಿತು. ಹೆದರಿದ ಮನುಷ್ಯ ಏನು ಬೇಕಾದರೂ ಮಾಡಿಯಾನು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೈ ಮುರಿದವರೂ ಯಾರಿಗೋ ಹೆದರಿಯೇ ಮುರಿದಿರಬೇಕು.

ಅವನು ಮನಸ್ಸಿನಲ್ಲೇ, ಕರ್ತನೇ, ಈ ಕೈ ನೀನೇ ಹಿಡಿ, ಅಂದ. ನಿಂತುಹೋಗಿದ್ದ ಪ್ರಾರ್ಥನೆ ಅಷ್ಟು ದಿನದ ಮೇಲೆ ಅಷ್ಟಕ್ಕೆ ಮುಗಿಯಿತು.

ಆಮೇಲೆ ಹೆರೆಯಲು ಶುರುಮಾಡಿದ. ಕೈಯ ನಡುಕ ನಿಲ್ಲಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದು ಎಳೆತಕ್ಕೂ ನಿಂತು ನಿಂತು ಹೆರೆದ. ಅಷ್ಟು ಹುಷಾರಾಗಿ ಅವನು ಯಾರ ಗಡ್ಡವನ್ನೂ ಹೆರೆದಿರಲಿಲ್ಲ. ಒಂದು ಹನಿ ರಕ್ತವೂ ಬರಲಿಲ್ಲ. ಪಟಿಕದ ಕಲ್ಲು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಕತ್ತಿನ ಬಟ್ಟೆ ಬಿಚ್ಚಿ ಕೊಡವಿದ.

ಅಧ್ಯಕ್ಷರು ಏಳಲಿಲ್ಲ. "ಎಬ್ಬಿಸು ಅಂದೆ."

"ಅಧ್ಯಕ್ಷರೇ, ನಿಮ್ಮದಾಯ್ತು," ಅಂದ ಸ್ತೋತ್ರಣ್ಣ. ದನಿ ಕೀರಲಾಗಿ, ಯಾರದೋ ದನಿಯ ಹಾಗೆ ಕೇಳಿಸಿತು. "ಈಗ ಅವರ ಸರದಿ."

"ಯೋಚನೆ ಮಾಡಿ ಹೇಳ್ತಿದೀಯಾ?"

"ಯೋಚನೆ ಮಾಡಿದ್ರೆ ಹೇಳೋಕಾಗಲ್ಲ. ನೀವು ನಾಳೆ ಬಂದ್ರೂ ನಿಮಗೂ ಇಲ್ಲಿ ಸರದಿ ಇದೆ. ಯಾರಾದ್ರೂ ನಿಮ್ಮನ್ನ ಎಬ್ಬಿಸು ಅಂದ್ರೂ ನಾನು ಎಬ್ಬಿಸಲ್ಲ."

ಅಧ್ಯಕ್ಷರು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಬೈದಿದ್ದರೆ ಸ್ತೋತ್ರಣ್ಣನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಮುಂದಿನವರು ಬನ್ನಿ," ಅಂದ ಅವನು. ಅಂಗಡಿಯಲ್ಲಿ ಇದ್ದವನು ಒಬ್ಬನೇ ಆದರೂ, ಕಟ್ಟಳೆಯಂತೆ.

ನಲ್ಲಿಯವನು ಕುರ್ಚಿ ಏರಿ ಕೂತ. "ಬೇಡ ಅಂದಿದ್ರೆ ಎದ್ದು ಹೋಗ್ತಿದ್ದೆ ಅಣ್ಣ. ನಿನ್ನ ಮೇಲೆ ಬೇಜಾರು ಮಾಡ್ಕೋತಿರಲಿಲ್ಲ."

"ಅದು ಗೊತ್ತಿದ್ದಕ್ಕೇ ಇಷ್ಟು ದಿನ ನಿದ್ದೆ ಬರಲಿಲ್ಲ. ಆವತ್ತು ನನ್ನ ಹತ್ರ ಬ್ಲೇಡು ಇತ್ತು."

"ಹಂಗಾದ್ರೆ ಇದನ್ನೂ ಇಟ್ಕೋ," ಅಂದ ನಲ್ಲಿಯವನು. ಇಬ್ಬರಿಗೂ ನಗು ಬಂತು. ಕತ್ತರಿ ಆಡಿಸುತ್ತಿದ್ದಷ್ಟು ಹೊತ್ತೂ ಸ್ತೋತ್ರಣ್ಣ ಬಾಗಿಲಿಗೆ ಬೆನ್ನು ಹಾಕದ ಹಾಗೆ ಕುರ್ಚಿಯ ಸುತ್ತ ಸುತ್ತಿದ.

ಬರಬೇಕಾದದ್ದು ಮಾರನೆಯ ದಿನ ಬಂತು. ವಿಚಾರಣೆಗೆ ನಲ್ಲಿಯವನು ನೀಟಾದ ಮುಖ ಹೊತ್ತು ಹೋದ. ಅವನು ಹೇಳಿದ್ದನ್ನು ಅಧಿಕಾರಿಗಳು ಬರೆದುಕೊಂಡರು, ತೀರ್ಪು ಆಮೇಲೆ ಅಂದರು. ಅದೇ ಹೊತ್ತಿಗೆ ಇತ್ತ ಅಂಗಡಿಗೆ ಬಟ್ಟೆ ಕಟ್ಟಿಕೊಂಡ ಮುಖಗಳು ನುಗ್ಗಿದವು. ಸ್ತೋತ್ರಣ್ಣನನ್ನು ಮುಟ್ಟಲಿಲ್ಲ. ಗೋಡೆಯಗಲದ ಕನ್ನಡಿಗೆ ಕಬ್ಬಿಣದ ಸರಳು ಬೀಸಿ ಪುಡಿಮಾಡಿದರು. "ಮುಂದಿನ ಸಲ ಗಾಜಲ್ಲ," ಅಂತ ಒಬ್ಬ ಹೇಳಿ ಹೋದ.

ಆ ಸಂಜೆ ಹೆಂಡತಿ ಬೈಯಲೂ ಇಲ್ಲ, ಅಳಲೂ ಇಲ್ಲ. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆದಳು, ಮತ್ತೆ ಬಿಚ್ಚಿದಳು. ಬೆಳಗ್ಗೆ ಅವಳನ್ನು ತಾನೇ ಶಾಲೆಗೆ ಬಿಟ್ಟು ಬಂದಳು. ಹೋಗುವಾಗ ಅಧ್ಯಕ್ಷರ ಮನೆಯ ಮುಂದೆಯೇ ಹೋದಳು, ಬರುವಾಗಲೂ ಅದೇ ದಾರಿಯಲ್ಲಿ ಬಂದಳು.

ಸ್ತೋತ್ರಣ್ಣ ಅಂಗಡಿ ತೆರೆದು ಗಾಜಿನ ಪುಡಿ ಗುಡಿಸಿದ. ಕನ್ನಡಿಯಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ, ಬೆತ್ತಲೆಯಾಗಿ ಕಾಣುತ್ತಿತ್ತು. ಬೆಂಚಿನ ಮೇಲೆ ಯಾರೂ ಇಲ್ಲ. ಬೀದಿಯಲ್ಲಿ ಹೋಗುವವರು ಆ ಕಡೆಯ ಬದಿಗೆ ಸರಿದು ಹೋಗುತ್ತಿದ್ದರು.

ಹೊತ್ತು ಏರಿದ ಮೇಲೆ ಒಬ್ಬ ಬಂದ. ಅಧ್ಯಕ್ಷರ ಶೆಡ್ಡಿನಲ್ಲಿ ದುಡಿಯುವವನು. ಬೀಗ ಬಿದ್ದು ಇಷ್ಟು ದಿನವಾದರೂ ಉಗುರಿನೊಳಗೆ ಬಣ್ಣ ಹಾಗೇ ಇತ್ತು. ಸ್ತೋತ್ರಣ್ಣ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದ.

"ಹೊಡೆಯೋಕೆ ಬಂದಿಲ್ಲಣ್ಣ, ಕಟಿಂಗಿಗೆ," ಅಂದ ಅವನು. ಬರಿದಾದ ಬೆಂಚಿನ ಬಾಗಿಲ ಕಡೆಯ ತುದಿಯಲ್ಲಿ ಕೂತು ಮಾತು ಮುಂದುವರಿಸಿದ, "ನನ್ನ ಕೆಲಸ ಹೋಯ್ತು ಅಂತ ನಲ್ಲಿಯವನ ಮೇಲೆ ಹಲ್ಲು ಕಡೀತಿದ್ದೆ. ನಮ್ಮ ಮಗು ಆಸ್ಪತ್ರೆಯಿಂದ ಬಂತು. ಯಾವ ನೀರು ಕುಡಿಸ್ತಿದ್ರಿ ಅಂತ ಡಾಕ್ಟ್ರು ಕೇಳಿದ್ರು."

ಸ್ತೋತ್ರಣ್ಣ ಅವನನ್ನು ಕುರ್ಚಿಗೆ ಕರೆದ. "ಕನ್ನಡಿ ಇಲ್ಲಪ್ಪ. ಹೆಂಗೆ ಬಂದಿದೆ ಅಂತ ನಾನು ಹೇಳಿದ್ದನ್ನೇ ನಂಬಬೇಕು."

"ಎಲ್ಲಾ ಬಿಟ್ಟು ಕ್ಷೌರದವನ ಮಾತು ನಂಬೋದಾ?"

ಅಷ್ಟರಲ್ಲಿ ಸ್ತೋತ್ರಣ್ಣನ ಹೆಂಡತಿ ಒಳಗೆ ಬಂದಳು. ಮದುವೆಯಾದಂದಿನಿಂದ ಗಂಡಸರು ಕೂರುವ ಜಾಗ ಅಂತ ಆ ಅಂಗಡಿಯ ಹೊಸ್ತಿಲು ದಾಟಿದವಳಲ್ಲ. ಮನೆಯ ಗೋಡೆಯಿಂದ ಮೊಳೆ ಸಮೇತ ಕಿತ್ತು ತಂದ ಕನ್ನಡಿ ಕಂಕುಳಲ್ಲಿತ್ತು. ಗಂಡನ ಕಡೆ ನೋಡಲಿಲ್ಲ. ನೇರವಾಗಿ ಹೋಗಿ ಗಿರಾಕಿಯ ಎದುರಿಗೆ, ಬೆತ್ತಲೆ ಗೋಡೆಗೆ ಬೆನ್ನು ಕೊಟ್ಟು, ಕನ್ನಡಿಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ನಿಂತಳು.

ಬಾಗಿಲಾಚೆ ಅಧ್ಯಕ್ಷರ ಕಡೆಯ ಇಬ್ಬರು ಬಂದು ನಿಂತು ಒಳಗೆ ಇಣುಕಿದರು. ಸ್ತೋತ್ರಣ್ಣನ ಕತ್ತರಿ ನಿಂತಿತು.

"ಅಮ್ಮಾ, ಸ್ವಲ್ಪ ಗಟ್ಟಿಯಾಗಿ ಹಿಡೀರಿ," ಅಂದ ಗಿರಾಕಿ ಪಿಸುದನಿಯಲ್ಲಿ. "ನನ್ನ ಮುಖ ಕುಣೀತಿದೆ."

"ಕುಣೀಲಿ ಬಿಡಪ್ಪ. ಹೆದರಿಕೆ ನಿಲ್ಲೋತನಕ ಕಾದ್ರೆ ನಿನ್ನ ಕಟಿಂಗು ಮುಗಿಯಲ್ಲ," ಅಂದಳು ಅವಳು. ಕಣ್ಣು ಬಾಗಿಲ ಕಡೆಗೇ ಇತ್ತು, ಕೈ ಕೆಳಗಿಳಿಯಲಿಲ್ಲ. ಆಮೇಲೆ ಗಂಡನಿಗೆ ಅಂದಳು, "ನೀವು ಯಾಕೆ ನಿಂತ್ರಿ? ಹಾಕಿ ಕತ್ತರಿ."